ಬ್ಯಾಟರಿ ಕೂಡ್ರುವ ಜಾಗ

ಆರಿಸಿಕೊಳ್ಳುವುದೆಂದರೆ ತನುಜಾಳಿಗೆ ಸಾಕಾಗಿಹೋಗಿತ್ತು. ಗಂಡ ರುದ್ರೇಶ ಕಾಮಾಲೆಯಿಂದ ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಅವಳ ಮುಂದೆ ಎರಡೆರಡು ದಾರಿ ಇಟ್ಟು, ಚಹಾ ಕುಡಿದು, ಎದ್ದು ಹೋಗಿದ್ದರು. ಹೊಲ ವರ್ಷಕ್ಕಿಷ್ಟೆಂದು ಲಾವಣಿಗೆ ಕೊಡುತ್ತೀಯೋ, ಪಾಲಿಗೆ ಹಾಕುತ್ತೀಯೋ? ಎಮ್ಮೆ ಇಟ್ಟುಕೊಳ್ಳುತ್ತೀಯೋ, ಮಾರುತ್ತೀಯೋ? ಹಾನಗಲ್ಲಿಗೆ ತವರಿಗೆ ಹೋಗುತ್ತೀಯೋ, ಇಲ್ಲೇ ಹಿರೇಬೆಂಡಿಗೇರಿಯಲ್ಲಿ ಇರುತ್ತೀಯೋ? ಅವಳು ಎಲ್ಲದಕ್ಕೂ 'ನೋಡೂಣ್ರಿ' ಅಂದಿದ್ದಳು. ಹಾಗೆ ಅಂದದ್ದೆಲ್ಲ ತನ್ನಷ್ಟಕ್ಕೆ ತಾನೇ ಒಂದು ಕಡೆ ವಾಲಿ ನಿಂತಿತು. ಹೊಲ ಲಾವಣಿಗೆ ಹೋಯಿತು, ಎಮ್ಮೆ ಮಾರಾಟವಾಯಿತು, ಅವಳು ಉಳಿದಳು.

ಸೈಕಲ್ಲಿನ ವಿಷಯ ಮಾತ್ರ ತಾನಾಗಿ ಯಾವ ಕಡೆಗೂ ವಾಲಲಿಲ್ಲ.

ಅವಳು ಶಿಗ್ಗಾಂವಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಬೆಳಗಿನ ಬಸ್ಸು ಊರಿಗೆ ಬರುವಷ್ಟರಲ್ಲಿ ಮೆಟ್ಟಿಲತನಕ ತುಂಬಿರುತ್ತಿತ್ತು. ಕೆಲವು ದಿನ ಅದರಲ್ಲಿ ಒಂದು ಕಾಲಿಡಲೂ ಜಾಗ ಇರುತ್ತಿರಲಿಲ್ಲ. ಅಂಥ ದಿನ ಅವಳು ಕ್ರಾಸಿನವರೆಗೆ ನಡೆದು, ಸಿಕ್ಕ ಗಾಡಿ ಹತ್ತಿ, ಪ್ರಾರ್ಥನೆ ಮುಗಿದ ಮೇಲೆ ಶಾಲೆ ಮುಟ್ಟುತ್ತಿದ್ದಳು. ಹೆಡ್‌ಮಾಸ್ತರರು ಬೈಯುತ್ತಿರಲಿಲ್ಲ. ಗೋಡೆಯ ಗಡಿಯಾರವನ್ನೊಮ್ಮೆ ನೋಡುತ್ತಿದ್ದರು, ಅಷ್ಟೇ. ರುದ್ರೇಶ ಆಸ್ಪತ್ರೆಯಲ್ಲಿದ್ದಾಗಲೇ ಮೋಟರ್‌ಸೈಕಲ್ ಮಾರಿಯಾಗಿತ್ತು. ಇನ್ನು ಹೊಸದೊಂದನ್ನು ಕಲಿಯುವ ಹುಮ್ಮಸ್ಸು ಅವಳಲ್ಲಿ ಇರಲಿಲ್ಲ. ಇದ್ದ ಸೈಕಲ್ಲಿಗೇ ಮೋಟರು, ಬ್ಯಾಟರಿ ಜೋಡಿಸುವ ಕಿಟ್ ಬಂದಿದೆಯೆಂದು ಶಾಲೆಯಲ್ಲಿ ಯಾರೋ ಹೇಳಿದ್ದರು. ಆವತ್ತಿನಿಂದ ಮಳೆಗಾಲ ಮುಗಿಯುವ ತನಕ ಅವಳು ಮೊಬೈಲಿನಲ್ಲಿ ಕಿಟ್‌ಗಳನ್ನೇ ನೋಡಿದಳು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದವಳಿಗೆ ವ್ಯಾಟು, ವೋಲ್ಟು ತಿಳಿಯದ್ದೇನಲ್ಲ. ತಿಳಿದ ಮಾತ್ರಕ್ಕೆ ಆರಿಸಲು ಬರುತ್ತದೆಯೇ?

ಕೊನೆಗೆ ಎರಡು ಕಿಟ್ ಉಳಿದವು. ಒಂದರಲ್ಲಿ ಮೋಟರು ಹಿಂದಿನ ಗಾಲಿಯಲ್ಲಿ. ಬಲ ಜಾಸ್ತಿ, ತುಳಿಯುವ ಹಂಗಿಲ್ಲ. ಆದರೆ ಅದರ ಬ್ಯಾಟರಿ ದೊಡ್ಡ ಡಬ್ಬಿ. ಅದನ್ನು ಕ್ಯಾರಿಯರ್ ಮೇಲೆಯೇ ಬಿಗಿಯಬೇಕು. ಇನ್ನೊಂದರಲ್ಲಿ ಮೋಟರು ಮುಂದಿನ ಗಾಲಿಯಲ್ಲಿ. ಬ್ಯಾಟರಿ ಸಣ್ಣದು, ಸೀಟಿನ ಮುಂದಿನ ಅಡ್ಡ ಕಂಬಿಯ ಕೆಳಗೆ ಹಿಡಿಸುತ್ತದೆ. ಕ್ಯಾರಿಯರ್ ಖಾಲಿ ಉಳಿಯುತ್ತದೆ. ಬಲ ಮಾತ್ರ ಕಡಿಮೆ, ಜೊತೆಗೆ ತುಳಿಯುತ್ತಲೂ ಇರಬೇಕು.

ಮನೆಯಲ್ಲಿದ್ದ ಸೈಕಲ್ಲುಗಳೂ ಎರಡು. ಎಂಟನೆಯ ಇಯತ್ತೆಯಲ್ಲಿ ಸರಕಾರ ಕೊಟ್ಟಿದ್ದ, ಕಂಬಿಯಿಲ್ಲದ ಅವಳ ಸೈಕಲ್ ಒಂದು. ಅದು ಮದುವೆಯ ಸಾಮಾನಿನ ಜೊತೆ ಹಾನಗಲ್ಲಿನಿಂದ ಬಂದಿತ್ತು. ಇನ್ನೊಂದು ರುದ್ರೇಶನದು, ಕಂಬಿಯದು. ಮೇವಿನ ಹೊರೆ ಕೂಡ್ರಲೆಂದು ಅವನು ಕಮ್ಮಾರನ ಹತ್ತಿರ ಅದರ ಕ್ಯಾರಿಯರನ್ನು ಅಗಲ ಮಾಡಿಸಿದ್ದ. ಸಂಜೆ ಹೊಲದಿಂದ ಬರುವಾಗ ಆ ಕ್ಯಾರಿಯರ್ ಮೇಲೆ ಮೇವು ಇರುತ್ತಿತ್ತು, ಇಲ್ಲವೇ ಅವನ ತಾಯಿ ನಾಗವ್ವ ಇರುತ್ತಿದ್ದಳು.

ಕಿಟ್ ಮಾರುವ ಒಂದು ಜಾಲತಾಣದಲ್ಲಿ ತೂಕ ಬರೆಯಲು ಖಾನೆ ಇತ್ತು. ತನುಜಾ ತನ್ನ ತೂಕ ಬರೆದಳು. ಹಿಂದಿನ ಗಾಲಿಯದೇ ನಿಮಗೆ ಸರಿ ಎಂದು ಅದು ಹೇಳಿತು. ಆದರೂ ಅವಳ ಬೆರಳು ಮುಂದಕ್ಕೆ ಹೋಗಲಿಲ್ಲ. ಯಾಕೆಂದು ಅವಳಿಗೂ ತಿಳಿಯಲಿಲ್ಲ. ಮೊಬೈಲ್ ಮಗುಚಿಟ್ಟು ಮಲಗಿದಳು.

ಈ ನಡುವೆ ನಾಗವ್ವ ಮಾಸೂರಿಗೆ ಹೊರಟು ನಿಂತಿದ್ದಳು. ಅವಳ ಹಿರಿಯ ಮಗ ಸುಭಾಸ ಅಲ್ಲಿ ಹೆಂಡತಿಯ ಮನೆಯ ಹೊಲ ನೋಡಿಕೊಂಡು ನೆಲೆ ನಿಂತವನು. ಮದಗದ ಕೆರೆಯ ನೀರು ಹರಿಯುವ ಹೊಲ, ಎರಡು ಮಕ್ಕಳು, ತುಂಬಿದ ಮನೆ. "ಅವ್ವ ಎಷ್ಟ ದಿನ ನಿನ್ನ ಕೊರಳಿಗೆ ಬಿದ್ದಿರಬೇಕು ತನುಜಾ? ಸೋಮವಾರ ಗಾಡಿ ತಗೊಂಡು ಬರ್ತೇನಿ," ಎಂದು ಅವನು ಫೋನಿನಲ್ಲಿ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ನಾಗವ್ವ ಆಗಲಿ ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ಟ್ರಂಕು ತೆಗೆದು ಸೀರೆಗಳನ್ನು ಬಿಸಿಲಿಗೆ ಹಾಕಿದಳು. ತನುಜಾ ಒಣಗಿದ ಸೀರೆಗಳನ್ನು ಮಡಚಿ ಕೊಟ್ಟಳು. ಇರ್ರಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅಲ್ಲಿ ಮೊಮ್ಮಕ್ಕಳಿದ್ದಾರೆ. ಇಲ್ಲೇನಿದೆ? ಸಾರಿಗೆ ಉಪ್ಪು ಹಾಕಲು ಮರೆಯುವ ಸೊಸೆ. "ಉಪ್ಪ ಹಾಕೂದು ನಿಮ್ಮ ಯುನಿವರ್ಸಿಟ್ಯಾಗ ಕಲಿಸಿಲ್ಲೇನು?" ಎಂದು ನಾಗವ್ವ ಕೇಳುತ್ತಿದ್ದಳು. ಕೇಳಿ, ತಾನೇ ಎದ್ದು ಉಪ್ಪಿನ ಭರಣಿ ತರುತ್ತಿದ್ದಳು. ದಿನದಲ್ಲಿ ಇಬ್ಬರ ನಡುವೆ ಆಗುವ ದೊಡ್ಡ ಮಾತು ಅದೇ.

ಸೋಮವಾರದ ಹಿಂದಿನ ದಿನ ಇಬ್ಬರೂ ಸವಣೂರಿಗೆ ಹೋದರು. ಕಿಟ್ ಕೂಡಿಸುವ ಅಂಗಡಿಯೊಂದು ಅಲ್ಲಿದೆಯೆಂದು ತನುಜಾ ಹೊರಟರೆ, ಮಾಸೂರಿನ ಮಕ್ಕಳಿಗೆ ತಿನ್ನಲು ಸವಣೂರಿನ ಕುರುಕಲು ಖಾರ ಒಯ್ಯಬೇಕೆಂದು ನಾಗವ್ವ ಹೊರಟಳು. ಬಸ್ಸಿನ ನೂಕುನುಗ್ಗಲು ನೆನೆದು ತನುಜಾ ಚೂಡಿದಾರ ಹಾಕಿಕೊಂಡಿದ್ದಳು. ದಾರಿಯುದ್ದಕ್ಕೂ ನಿಂತೇ ಹೋದರು. ಖಾರದ ಪೊಟ್ಟಣ ಕೊಂಡು, ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ನಾಗವ್ವ ಮೊಣಕಾಲು ಹಿಡಿದುಕೊಳ್ಳುತ್ತ ಸೊಸೆಯ ಹಿಂದೆ ನಡೆದಳು.

ಅಂಗಡಿ ಫರ್ಜಾನಾ ಎಂಬುವಳದು. ಅವಳ ತಂದೆ ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿಯಲ್ಲೇ ಅವಳು ಈಗ ಕಿಟ್ ಕೂಡಿಸುತ್ತಿದ್ದಳು. ಗೋಡೆಯ ತುಂಬ ಗಾಲಿಗಳು ತೂಗುತ್ತಿದ್ದವು.

"ಬರ್ರಿ ಅಕ್ಕಾರ, ಕುಂದರ್ರಿ. ಅಮ್ಮಾರ, ಆ ಸ್ಟೂಲ್ ಬ್ಯಾಡ್ರಿ, ಅದರ ಕಾಲು ಮುರದೈತಿ."

"ನನ್ನ ಕಾಲೂ ಹಂಗ ಐತಿ ತಂಗಿ," ಎಂದು ನಾಗವ್ವ ಅದರ ಮೇಲೆಯೇ ಕುಳಿತಳು. "ಎರಡೂ ಕೂಡಿ ಹೆಂಗರ ನಿಂದರತಾವ ಬಿಡು."

ಫರ್ಜಾನಾ ನಗುತ್ತ ಅವಳಿಗೆ ಎಲೆ ಅಡಿಕೆ ಕೊಟ್ಟು, ತನುಜಾಳ ಕಡೆ ತಿರುಗಿದಳು. "ಹೇಳ್ರಿ ಅಕ್ಕಾರ. ಹಾದಿ ಹೆಂಗೈತಿ?"

"ಡಾಂಬರ್ ಐತ್ರಿ. ಊರ ಹತ್ರ ಒಂದು ಏರು ಐತಿ. ಅಲ್ಲಿ ಡಾಂಬರ್ ಕಿತ್ತು ಕಡಿಕಲ್ಲು ಬಿಚ್ಚೇತಿ."

"ಹಿಂದ ಯಾರರ ಕುಂದರತಾರೇನ್ರಿ?"

ತನುಜಾ ಬಾಯಿ ತೆರೆದಳು. ಅಷ್ಟರಲ್ಲಿ ಸ್ಟೂಲಿನ ಕಡೆಯಿಂದ ಉತ್ತರ ಬಂತು.

"ಯಾರ ಕುಂದರತಾರವ್ವ? ಒಬ್ಬಾಕೀನ ಹೋಗಾಕಿ, ಒಬ್ಬಾಕೀನ ಬರಾಕಿ."

"ಹಂಗಾದ್ರ ಮುಗೀತು ನೋಡ್ರಿ!" ಫರ್ಜಾನಾ ಒಂದು ಸೈಕಲ್ಲನ್ನು ಎಳೆದು ನಿಲ್ಲಿಸಿದಳು. "ಹಿಂದಿನ ಗಾಲಿದು ತಗೋರಿ. ಕಿವಿ ಹಿಂಡಿದ್ರ ಹೋರಿ ಓಡಿದಂಗ ಓಡತೈತಿ. ಏರಿರ್ಲಿ, ಕಡಿ ಇರ್ಲಿ, ತುಳಿಯೂದ ಬ್ಯಾಡ. ನೀವು ಸುಮ್ನ ಕುಂತ್ರಾತು."

ಸುಮ್ನ ಕುಂತ್ರಾತು. ಆ ಮಾತು ತನುಜಾಳ ಮೈಗೆಲ್ಲ ಹಿತವಾಗಿ ಇಳಿಯಿತು. ಈ ಒಂದೂವರೆ ವರ್ಷದಲ್ಲಿ ಅವಳು ಬೇಡಿಕೊಂಡದ್ದಾದರೂ ಬೇರೇನು? ಯಾರಾದರೂ, ಯಾವುದಾದರೂ ತನ್ನನ್ನು ಎತ್ತಿಕೊಂಡು ಹೋಗಿ ಶಾಲೆಗೆ ಬಿಡಬೇಕು, ಮತ್ತೆ ತಂದು ಮನೆಗೆ ಬಿಡಬೇಕು.

ನಾಗವ್ವ ಎದ್ದು ಬಂದಳು. ಕ್ಯಾರಿಯರ್ ಮೇಲಿನ ಬ್ಯಾಟರಿ ಡಬ್ಬಿಯನ್ನು, ಸಂತೆಯಲ್ಲಿ ಗಡಿಗೆ ನೋಡುವಂತೆ, ಬೆರಳ ಗಿಣ್ಣಿನಿಂದ ಬಡಿದು ನೋಡಿದಳು. "ಬಿಗಿ ಐತಿ. ಇದ ಇರ್ಲಿ," ಎಂದಳು. ಹಾಗೆ ಹೇಳುತ್ತಿದ್ದಂತೆ ಅವಳ ಎಡಗೈ ಸೀಟಿನ ಕೆಳಗೆ ಹೋಯಿತು. ಅಲ್ಲಿನ ಸ್ಪ್ರಿಂಗನ್ನು ಬೆರಳುಗಳು ಹುಡುಕಿ ಹಿಡಿದವು. ರುದ್ರೇಶನ ಹಿಂದೆ ಅಡ್ಡಲಾಗಿ ಕುಳಿತು ಹೊಲಕ್ಕೆ ಹೋಗುವಾಗ ಅವಳು ಹಿಡಿಯುತ್ತಿದ್ದದ್ದು ಅದನ್ನೇ. ಹಿಡಿದದ್ದು ತಿಳಿದೊಡನೆ ಕೈ ಬಿಟ್ಟು, ಸೆರಗಿಗೆ ಒರೆಸಿಕೊಂಡು, ಸ್ಟೂಲಿಗೆ ಹೋಗಿ ಕುಳಿತಳು.

ತನುಜಾ ಅದನ್ನು ನೋಡಿದಳು. ಜಾಲತಾಣದ ಖಾನೆಯಲ್ಲಿ ತಾನು ಬರೆದದ್ದು ಒಬ್ಬಳ ತೂಕ ಎಂಬುದು ಆಗ ನೆನಪಾಯಿತು.

"ಆ ಇನ್ನೊಂದು ತೋರಸ್ರಿ. ಮುಂದಿನ ಗಾಲಿದು."

"ಅದ್ಯಾಕ್ರಿ ಅಕ್ಕಾರ? ಅದು ಕಂಬಿ ಸೈಕಲ್ಲಿಗಷ್ಟ ಬರತೈತಿ. ತುಳೀಬೇಕು ಮತ್ತ, ಅದು ಬರೇ ಕೈ ಹಚ್ಚತೈತಿ. ಅದೂ ಅಲ್ದ, ಹಿಂದ ಭಾರ ಬಿತ್ತಂದ್ರ ಏರಿನ್ಯಾಗ ಮುಂದಿನ ಗಾಲಿ ಜಾರತೈತಿ. ಖರೇ ಹೇಳತೇನಿ, ಆಮ್ಯಾಲ ಬಂದು ನನ್ನ ಬೈಬ್ಯಾಡ್ರಿ."

"ಗೊತ್ತೈತ್ರಿ. ಹಿಂದ ಕುಂತ್ರ ಮುಂದ ಹಗರಾಗತೈತಿ."

"ಗೊತ್ತಿದ್ದೂ ಅದ ಬೇಕೇನು?" ನಾಗವ್ವನ ದನಿ ಏರಿತು. "ಸಾಲಿಗೆ ಸೀರಿ ಉಟಗೊಂಡು ಹೋಗಾಕಿ, ಕಂಬಿ ಹೆಂಗ ದಾಟತಿ?"

"ಸಾಲಿಗೂ ಚೂಡಿದಾರ ಹಾಕ್ಕೋತೇನ್ರಿ. ಹೆಡ್‌ಮಾಸ್ತರ್ನ ಕೇಳತೇನಿ."

"ಊರಾನ ಮಂದಿ ಏನಂತಾರ? ಗಂಡ ಸತ್ತು ಇನ್ನೂ ಎರಡ ವರ್ಷ ಆಗಿಲ್ಲ, ಗಂಡಸರ ಸೈಕಲ್ ಹತ್ಯಾಳ ಅಂತಾರ."

"ಊರಾನ ಮಂದಿ ಬಂದು ಬ್ಯಾಟರಿ ಚಾರ್ಜ್ ಮಾಡೂದಿಲ್ರಿ ಅತ್ತಿ."

ಫರ್ಜಾನಾ ಜೋರಾಗಿ ನಕ್ಕಳು. ನಾಗವ್ವ ನಗಲಿಲ್ಲ. ಸೊಸೆಯ ಬಾಯಿಂದ ಇಂಥ ಮಾತು ಬಂದು ಎಷ್ಟೋ ಕಾಲವಾಗಿತ್ತು. ಅವಳನ್ನೇ ಒಂದು ಗಳಿಗೆ ನೋಡಿ ದನಿ ಇಳಿಸಿದಳು. "ನಾ ನಾಳೆ ಹೋಗಾಕಿ ಯವ್ವಾ. ಹೋಗಾಕೀ ಸಲುವಾಗಿ ಜಾರೂ ಗಾಡಿ ತಗೋಬ್ಯಾಡ. ನಿನಗ ದಣಿವು ಬಾಳ ಐತಿ. ನಾ ದಿನಾ ನೋಡಾಕತ್ತೇನಿ."

ಹೋಗಬ್ಯಾಡ್ರಿ ಎನ್ನಬೇಕೆಂದು ತನುಜಾಳಿಗೆ ಅನ್ನಿಸಿತು. ಅದರ ಬದಲು, "ಒಮ್ಮೆ ಕುಂತು ನೋಡ್ರಿ," ಎಂದಳು.

ಫರ್ಜಾನಾ ಆ ಕಿಟ್ ಕೂಡಿಸಿಟ್ಟಿದ್ದ ಅಂಗಡಿಯ ಕಂಬಿ ಸೈಕಲ್ಲೊಂದನ್ನು ಓಣಿಗೆ ಇಳಿಸಿದಳು. ತನುಜಾ ಕಂಬಿ ದಾಟಿ ಕುಳಿತಳು. ನಾಗವ್ವ ಗೊಣಗುತ್ತ ಬಂದು, ಪೊಟ್ಟಣವನ್ನು ಹೊಟ್ಟೆಗೆ ಒತ್ತಿಕೊಂಡು, ಹಿಂದೆ ಅಡ್ಡಲಾಗಿ ಕುಳಿತಳು. ಸೀಟಿನ ಕೆಳಗೆ ಸ್ಪ್ರಿಂಗು ಕಿರ್ ಎಂದದ್ದು ತನುಜಾಳಿಗೆ ತಿಳಿಯಿತು. ತುಳಿದಳು. ಯಾರೋ ಹ್ಯಾಂಡಲ್ ಹಿಡಿದು ಮೆಲ್ಲಗೆ ಮುಂದಕ್ಕೆ ಎಳೆದಂತೆ ಸೈಕಲ್ ಹೊರಟಿತು. ಓಣಿ ಸಪಾಟಾಗಿರುವ ತನಕ ಎಲ್ಲ ಸರಿಯಿತ್ತು.

ಅಲ್ಲಿಂದ ಮುಂದೆ ಓಣಿ ಹಳೆಯ ಅಗಸಿ ಬಾಗಿಲಿನ ಕಡೆಗೆ ಏರಿತ್ತು. ನೀರಿನ ಪೈಪು ಹಾಕಲು ಅಗೆದು ಮುಚ್ಚಿದ ಜಾಗದಲ್ಲಿ ಕಡಿಕಲ್ಲು ಹರಡಿತ್ತು. ಮುಂದಿನ ಗಾಲಿ ಅದರ ಮೇಲೆ ಗರ್ ಎಂದು ನಿಂತಲ್ಲೇ ತಿರುಗಿತು. ತನುಜಾ ಇದ್ದ ಬಲವನ್ನೆಲ್ಲ ಹಾಕಿ ತುಳಿದಳು. ಮೀನಖಂಡ ಸಿಡಿದವು. ಗಾಲಿ ಮತ್ತೆ ಜಾರಿತು. ಒಂದು ಕಾಲು ನೆಲಕ್ಕೆ ಊರಿದಳು. ಇಡೀ ಮಳೆಗಾಲ ಓದಿ, ಅಳೆದು, ಕೊನೆಗೆ ಆರಿಸಿದ್ದು ಇದನ್ನು. ಸೈಕಲ್ಲನ್ನು ಇಲ್ಲೇ ಒರಗಿಸಿ ಯಾರದಾದರೂ ಕಟ್ಟೆಯ ಮೇಲೆ ಮಲಗಿಬಿಡೋಣ ಅನ್ನಿಸಿತು. ಎಬ್ಬಿಸಿದವರಿಗೆ ನೋಡೂಣ್ರಿ ಅಂದರಾಯಿತು.

ಅಷ್ಟರಲ್ಲಿ ಹಿಂದಿನ ಭಾರ ಇಳಿಯಿತು.

"ಹೋಗು, ಹೋಗು. ನಡುವ ನಿಂದರಬ್ಯಾಡ," ಎಂದಳು ನಾಗವ್ವ. "ಮ್ಯಾಲ ಹೋಗಿ ನಿಂದರು."

ತನುಜಾ ತುಳಿದಳು. ಗಾಲಿ ನೆಲ ಹಿಡಿಯಿತು. ಅಗಸಿಯ ನೆರಳು ಮುಟ್ಟಿ, ಇಳಿದು, ತಿರುಗಿ ನೋಡಿದಳು. ನಾಗವ್ವ ಒಂದು ಕೈ ಮೊಣಕಾಲ ಮೇಲೆ, ಒಂದು ಕೈ ಪೊಟ್ಟಣದ ಮೇಲೆ ಇಟ್ಟುಕೊಂಡು, ಅವಸರವಿಲ್ಲದೆ ಏರು ಹತ್ತಿ ಬಂದಳು. ಬಂದವಳೇ ಅಗಸಿಯ ಕಟ್ಟೆಯ ಮೇಲೆ ಕುಳಿತು ಸುಧಾರಿಸಿಕೊಂಡಳು.

"ಏರಿನ್ಯಾಗ ಇಳದ್ರಾತು. ಅದಕ್ಯಾಕ ಅಷ್ಟ ಮಾರಿ ಸಣ್ಣ ಮಾಡ್ಕೊಂಡೀ?" ಎಂದಳು. "ನಿಮ್ಮ ಮಾವನ ಚಕ್ಕಡ್ಯಾಗ ಹೋಗೂ ಮುಂದ, ಏರು ಬಂದಲ್ಲೆಲ್ಲ ನಾವು ಇಳೀತಿದ್ವಿ. ಎತ್ತಿಗೆ ಭಾರ ಆಗಬಾರ್ದಂತ. ಎತ್ತು ಇಳೀರಿ ಅಂತ ಬಾಯಿಬಿಟ್ಟು ಹೇಳತಾವೇನು? ನಾವ ತಿಳಕೋಬೇಕು."

ತನುಜಾ ಸೈಕಲ್ಲನ್ನು ಇಳಿಜಾರಿನ ಕಡೆ ತಿರುಗಿಸಿ ನಿಲ್ಲಿಸಿದಳು. ಆಮೇಲೆ ಕೇಳಿದಳು, "ಏರು ಮುಗದ ಮ್ಯಾಲ ಮತ್ತ ಹತ್ತತಿದ್ರಿಲ್ರಿ?"

"ಹತ್ತದ ಮತ್ತೇನ? ಊರತನಕ ನಡಕೊಂಡು ಹೋಗಾಕ ನಮಗೇನು ಹುಚ್ಚ ಹಿಡದಿತ್ತೇನು?"

"ಹಂಗಂದ್ರ ಹತ್ರಿ ಅತ್ತಿ."

ಅವಳಿಂದ ಅಷ್ಟೇ ಆಯಿತು. ನಾಗವ್ವ ಕೂಡಲೇ ಏಳಲಿಲ್ಲ. ಅಗಸಿಯ ಆಚೆ ಯಾರೋ ಎಲೆಬಳ್ಳಿ ತೋಟದಿಂದ ಎಲೆಯ ಪೆಂಡಿ ಹೊತ್ತು ಬರುತ್ತಿದ್ದರು. ಅವರು ದಾಟಿ ಹೋಗುವ ತನಕ ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಪೊಟ್ಟಣದ ದಾರ ಹರಿದು, ಒಂದು ಹಿಡಿ ಖಾರ ತೆಗೆದು ಸೊಸೆಯ ಕೈಗೆ ಹಾಕಿದಳು. ತಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

"ಮಕ್ಕಳಿಗೆ ಅಂತ ತಗೊಂಡಿದ್ರಿ," ಎಂದಳು ತನುಜಾ.

"ಉಳದಿದ್ದು ಅವರಪ್ಪನ ಕೈಯಾಗ ಕೊಟ್ಟು ಕಳಸಿದ್ರಾತು."

"ನಾಳೆ ಭಾವ ಬಂದ್ರ ಏನ ಹೇಳೂದ್ರಿ?"

"ಬರ್ಲಿ. ಬಂದು ಉಂಡು ಹೋಗ್ಲಿ." ನಾಗವ್ವ ಎದ್ದು ಕ್ಯಾರಿಯರ್ ಮೇಲೆ ಕುಳಿತಳು, ಕೈ ಸೀಟಿನ ಕೆಳಗೆ ಹೋಯಿತು. "ಸಾರಿಗೆ ಉಪ್ಪ ಮಾತ್ರ ಹಾಕು."

ಕೆಳಗೆ ಓಣಿಯ ತುದಿಯಲ್ಲಿ ಫರ್ಜಾನಾ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಇಳಿಜಾರಿನಲ್ಲಿ ಮೋಟರಿನ ಕೆಲಸವಿರಲಿಲ್ಲ. ತನುಜಾ ಕಂಬಿ ದಾಟಿ ಕುಳಿತಳು. ಹಿಂದೆ ಭಾರವಿತ್ತು, ಅವಳು ಎರಡೂ ಬ್ರೇಕು ಹಿಡಿದುಕೊಂಡು ನಿಧಾನ ಇಳಿಸಿದಳು.