ಹಸಿರು ಪರದೆಯ ಹಿಂದಿನ ಕೈಗಳು

ಅನಗವಾಡಿಯ ನಾಮದೇವ ಒಂದು ಪೆನ್‌ಡ್ರೈವ್ ಕೊಡಲೆಂದೇ ಬಸ್ಸು ಹತ್ತಿ ರಬಕವಿಗೆ ಬಂದ. ಅರಿಹಂತ ತೀರಿಕೊಂಡು ಆಗ ಎರಡು ತಿಂಗಳಾಗಿರಬೇಕು. ದವಾಖಾನೆಯ ಐಸಿಯುವಿನಲ್ಲಿ ನಾಮದೇವನ ತಂದೆಯ ಮಂಚ ಅರಿಹಂತನ ಮಂಚದ ಪಕ್ಕದಲ್ಲೇ ಇತ್ತು. ಮನೆ ಹುಡುಕಿಕೊಂಡು ಬಂದವನನ್ನು ಅರಿಹಂತನ ಅಣ್ಣ ನೇಮಿರಾಜ ಒಳಗೆ ಕರೆದು ಕೂರಿಸಿದ. ನೀರು ಕುಡಿದು ನಾಮದೇವ ಬಂದ ಕಾರಣ ಹೇಳಿದ.

“ನಿಮ್ಮ ತಮ್ಮಾರು ನನ್ನ ಫೋನಿನ ಕಡೆ ಕೈ ಮಾಡಿ, ಹಿಡಿ ಅಂತ ಸನ್ನಿ ಮಾಡಿದ್ರರೀ. ಹಿಡದ್ನಿ. ಕೈಲೆ ಏನೇನೋ ಮಾತಾಡಿದ್ರು, ನನಗೇನೂ ತಿಳೀಲಿಲ್ಲ. ಮೊದಲೂ ಕಡೀಕೂ ಗಲ್ಲದ ಮ್ಯಾಲೆ ಬಟ್ಟ ಇಟ್ಟು ತೋರ್ಸಿದ್ರು. ಅವರ ಮನಿಯವರಿಗೇ ಇರಬೇಕು ಅನಸ್ತು. ಅವತ್ತ ನಮ್ಮಪ್ಪನ್ನ ಬ್ಯಾರೆ ದವಾಖಾನಿಗೆ ಒಯ್ದಿವಿ, ನಿಮಗ ಕೊಡಾಕ ಆಗ್ಲಿಲ್ಲರೀ.”

ಗಲ್ಲದ ಮೇಲೆ ಬೆರಳಿಟ್ಟರೆ ಸಿದ್ಧಿ ಎಂದರ್ಥ. ನಕ್ಕಾಗ ಆಕೆಯ ಬಲಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅದಕ್ಕೇ ಅರಿಹಂತ ಹೆಂಡತಿಗೆ ಕೈಸನ್ನೆಯಲ್ಲಿ ಆ ಹೆಸರಿಟ್ಟಿದ್ದ. ಇಬ್ಬರೂ ಹುಟ್ಟುಕಿವುಡರು. ಒಂದೇ ಶಾಲೆಯಲ್ಲಿ ಓದಿ, ಅಲ್ಲೇ ಕೈಮಾತು ಕಲಿತು, ಮನೆಯವರ ಒಪ್ಪಿಗೆಯಿಂದ ಮದುವೆಯಾದವರು. ಮನೆಯ ಉಳಿದವರಿಗೆ ಊಟ, ನೀರು, ಮನೆ, ಅವ್ವ, ನಾಳೆ, ಇಂಥ ಹತ್ತಾರು ಸನ್ನೆಗಳಷ್ಟೇ ಗೊತ್ತಿದ್ದವು. ಮಿಕ್ಕದ್ದನ್ನು ಬರೆದು ತೋರಿಸಬೇಕು. ಅವರಿಬ್ಬರೂ ಮಾಳಿಗೆಯ ಕೋಣೆಯಲ್ಲಿ ಕೂತು ಸರಸರನೆ ಕೈಯಾಡಿಸುವಾಗ ತಾಯಿ ಅಕ್ಕವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದೂ ತಿಳಿಯದಿದ್ದರೂ ನಕ್ಕು ಇಳಿದು ಬರುತ್ತಿದ್ದಳು.

ಅರಿಹಂತ ಬನಹಟ್ಟಿಯ ಮಗ್ಗದವರಿಗೆ ಸೀರೆಯ ಅಂಚು-ಸೆರಗಿನ ಡಿಸೈನು ಮಾಡಿಕೊಡುತ್ತಿದ್ದ. ಮಾಳಿಗೆಯ ಹಳೆಯ ಕಂಪ್ಯೂಟರೇ ಅವನ ಅಂಗಡಿ. ಮಳೆಗಾಲದಲ್ಲಿ ಬಂದ ಜ್ವರ ಎದೆಗಿಳಿದು, ಉಸಿರು ಸಿಗದಂತಾಗಿ, ದೊಡ್ಡೂರಿನ ದವಾಖಾನೆಗೆ ಸೇರಿಸಿದರು. ಐಸಿಯು ಒಳಗೆ ದಿನಕ್ಕೊಮ್ಮೆ ಒಬ್ಬರಿಗೆ ಮಾತ್ರ, ಅದೂ ಕೆಲವೇ ನಿಮಿಷ, ಬಿಡುತ್ತಿದ್ದರು. ಡಾಕ್ಟರ ಮಾತು ಕೇಳಿ ಉತ್ತರ ಕೊಡುವವರು ಬರಲಿ ಎಂದದ್ದರಿಂದ ನೇಮಿರಾಜನೇ ಹೋಗುತ್ತಿದ್ದ. ಸಿದ್ಧಿ ಹೊರಗೆ, ಬಾಗಿಲ ಎದುರಿನ ನೆಲದ ಮೇಲೆ, ಒಂದು ಚಾದರ ಹಾಸಿಕೊಂಡು ಕೂತಿದ್ದಳು. ಸ್ನಾನಕ್ಕೆಂದೂ ಊರಿಗೆ ಹೋಗಲಿಲ್ಲ. ಆಮೇಲೆ ಅರಿಹಂತನ ಗಂಟಲಿಗೆ ನಳಿಗೆ ಹಾಕಿದರು. ಅದನ್ನು ಕಿತ್ತುಕೊಳ್ಳಬಾರದೆಂದು ಕೈಗಳನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದ್ದನ್ನು ನೇಮಿರಾಜ ನೋಡಿ ಬಂದು ಹೇಳಿದಾಗ ಸಿದ್ಧಿ ತನ್ನ ಬಾಯಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ ತೋರಿಸಿದಳು. ಕೈ ಕಟ್ಟಿದರೆ ಅವನ ಬಾಯಿ ಕಟ್ಟಿದಂತೆ ಎಂದು ನೇಮಿರಾಜನಿಗೆ ಆಗಲೇ ಗೊತ್ತಾದದ್ದು. ಮುಂದೆ ಆ ಕೈಗಳನ್ನು ಬಿಚ್ಚಿದ್ದು ಹೆಣ ಒಪ್ಪಿಸುವಾಗ.

ನಾಮದೇವ ತಂದದ್ದು ನಳಿಗೆ ಹಾಕುವ ಹಿಂದಿನ ದಿನದ ವಿಡಿಯೋ. ಸಿದ್ಧಿ ಪೆನ್‌ಡ್ರೈವನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಎಲ್ಲರೂ ಮಾಳಿಗೆ ಹತ್ತಿದರು.

ನೇಮಿರಾಜ ಫೈಲು ತೆರೆದ. ದನಿ ಬಂತು: ಯಂತ್ರದ ಟಿಕ್ ಟಿಕ್, ದೂರದಲ್ಲಿ ಯಾರೋ ನರ್ಸನ್ನು ಕರೆಯುವುದು, ಹತ್ತಿರದಲ್ಲಿ ಏದುಸಿರು. ಪರದೆ ಮಾತ್ರ ಪೂರ್ತಿ ಹಸಿರು. ಅಕ್ಕವ್ವ ಆ ಉಸಿರನ್ನು ಗುರುತು ಹಿಡಿದು ಗೋಡೆಗೊರಗಿ ಕೂತುಬಿಟ್ಟಳು. “ನನ್ನ ಮಗಂದ ಉಸರಪಾ ಇದು” ಎಂದಳು. ಸಿದ್ಧಿ ಅತ್ತೆಯ ಮುಖ ನೋಡಿದಳು, ಭಾವನ ಮುಖ ನೋಡಿದಳು, ಮತ್ತೆ ಹಸಿರು ಪರದೆ ನೋಡಿದಳು. ಅವರಿಬ್ಬರಿಗೂ ಏನೋ ಸಿಕ್ಕಿದೆ, ತನಗೆ ಸಿಕ್ಕಿಲ್ಲ ಎಂಬುದು ಆಕೆಗೆ ತಿಳಿಯಿತು.

ನೇಮಿರಾಜನದು ತೇರದಾಳದಲ್ಲಿ ಬೀಜ-ಗೊಬ್ಬರದ ಅಂಗಡಿ. ಕಂಪ್ಯೂಟರಿನಲ್ಲಿ ಬಿಲ್ಲು ಮಾಡುವಷ್ಟು ಬರುತ್ತಿತ್ತು. ಪೆನ್‌ಡ್ರೈವೇ ಕೆಟ್ಟಿರಬೇಕೆಂದು ಫೈಲನ್ನು ಕಂಪ್ಯೂಟರಿಗೆ ಹಾಕಿಕೊಂಡು ನೋಡಿದ, ಹಸಿರೇ. ತನ್ನ ಫೋನಿಗೆ ಹಾಕಿದ. ಈ ವಿಡಿಯೋ ನಡೆಯುವುದಿಲ್ಲ ಎಂದು ಬರೆದು ಬಂತು. ಸಿದ್ಧಿಯ ಫೋನು ಅದಕ್ಕಿಂತ ಹಳೆಯದು. ತಮ್ಮನ ಮದುವೆಯ ವಿಡಿಯೋ ಅದೇ ಕಂಪ್ಯೂಟರಿನಲ್ಲಿ ಹಾಕಿದರೆ ಸರಾಗವಾಗಿ ನಡೆಯಿತು. ನಾಮದೇವನ ಫೋನಿನಲ್ಲೇ ನೋಡೋಣವೆಂದರೆ ಆ ಫೋನು ಆಗಲೇ ಬೇರೆಯವರ ಕೈಗೆ ಹೋಗಿತ್ತು. ಪಾಪ, ಆತ ಕೈ ಮುಗಿದು, ಇಷ್ಟಾದರೂ ಉಳಿಸಿಕೊಂಡೆನಲ್ಲ ಎಂದು ಹೇಳಿ ಸಂಜೆಯ ಬಸ್ಸಿಗೆ ಹೋದ.

ಜಮಖಂಡಿಯಲ್ಲಿ ಮದುವೆ ವಿಡಿಯೋ ಮಾಡುವ ಪ್ರಥಮೇಶ ನೇಮಿರಾಜನ ಪರಿಚಯದವನು. ಫೋನು ಮಾಡಿದರೆ, ಪೆನ್‌ಡ್ರೈವ್ ಕಳಿಸಿಕೊಡಿ, ಬೇರೆ ನಮೂನೆಗೆ ಬದಲಿಸಿ ಕೊಡುತ್ತೇನೆ ಎಂದ. ನೇಮಿರಾಜ ಅದನ್ನು ಬರೆದು ತೋರಿಸಿದಾಗ ಸಿದ್ಧಿ ಬೇಡವೆಂದು ತಲೆಯಾಡಿಸಿದಳು. ತಾನು ನೋಡುವ ಮೊದಲು ಹೊರಗಿನವರು ಯಾರೂ ನೋಡಕೂಡದು. ಅಷ್ಟೂ ಬರೆದು, ಅದರ ಕೆಳಗೆ ಗೆರೆ ಎಳೆದಳು. ಹೀಗಾಗಿ ಪ್ರಥಮೇಶ ಫೋನಿನಲ್ಲೇ ದಾರಿ ಹೇಳಬೇಕಾಯಿತು.

“ಅಣ್ಣಾರ, ವಿಡಿಯೋ ಅಂದ್ರ ಮಡಚಿಟ್ಟ ಸೀರಿ ಇದ್ದಂಗರೀ,” ಎಂದ ಅವನು. “ಹೊಸಾ ಫೋನು ಹೊಸಾ ನಮೂನಿ ಮಡಚತಾವ. ಪ್ಲೇಯರ್ ತಾ ಬಿಚ್ಚೂದಿಲ್ಲ, ಗ್ರಾಫಿಕ್ಸ್ ಚಿಪ್ಪಿಗೆ ಬಿಚ್ಚಂತ ಕೊಡತೈತಿ. ನಿಮ್ಮ ಚಿಪ್ಪು ಹಳೇದು. ಬರದಿದ್ರೂ ಬರತೈತಿ ಅಂತ ಇಸ್ಕೊಂಡು ಹಸರ ಉಗಳಾಕತ್ತೈತಿ.”

ಮೊದಲು ಚಿಪ್ಪಿನ ಡ್ರೈವರನ್ನು ಹೊಸದು ಮಾಡಲು ಹೇಳಿದ. ರವಿವಾರ ಅಂಗಡಿ ತೆಗೆಯದೆ ನೇಮಿರಾಜ ಬೆಳಿಗ್ಗೆಯಿಂದಲೇ ಕೂತ. ಕೆಳಗಿನ ಓಣಿಯ ಮಗ್ಗಗಳ ಸದ್ದಿಗೆ ಮೇಜು ಸಣ್ಣಗೆ ನಡುಗುತ್ತಿತ್ತು. ಡ್ರೈವರು ಇಳಿದು, ಕಂಪ್ಯೂಟರು ಮುಚ್ಚಿ ತೆರೆದ ಮೇಲೆ ಮತ್ತೆ ವಿಡಿಯೋ ಹಾಕಿದ. ಈ ಸಲ ಹಸಿರು ಹೋಗಿ ಚಿತ್ರ ಬಂತು. ದಿಂಬು, ಮಂಚದ ಕಂಬಿ, ಆಕ್ಸಿಜನ್ ಮುಖವಾಡದ ಮೇಲೆ ಅರಿಹಂತನ ಕಣ್ಣು. ಸಿದ್ಧಿ ಕುರ್ಚಿಯಿಂದ ಮುಂದಕ್ಕೆ ಬಾಗಿದಳು.

ಅರಿಹಂತ ಕೈ ಎತ್ತಿದ. ಎತ್ತಿದೊಡನೆ ಕೈ ಚೂರಾಯಿತು. ಬೆರಳಿದ್ದಲ್ಲಿ ಬಣ್ಣದ ಚೌಕಗಳು ಎದ್ದು, ಎದೆಯ ಮೇಲೆಲ್ಲ ಹರಡಿ, ಕಲಸಿಹೋದವು. ಅಲುಗದೆ ಇರುವುದೆಲ್ಲ ಸರಿ ಕಾಣುತ್ತಿತ್ತು. ಅಲುಗಿದ್ದು ಮಾತ್ರ ಒಡೆಯುತ್ತಿತ್ತು. ಮಾತು ಇದ್ದದ್ದೇ ಅಲ್ಲಿ. ಸಿದ್ಧಿ ಎದ್ದು ಹೋಗಿ ಪರದೆಯ ಮೇಲಿನ ಚೌಕಗಳನ್ನು ಸೆರಗಿನಿಂದ ಒರೆಸಿದಳು. ಧೂಳಲ್ಲ ಎಂಬುದು ಆಕೆಗೆ ಗೊತ್ತಿರಲಿಲ್ಲವೆಂದಲ್ಲ.

ಮತ್ತೆ ಪ್ರಥಮೇಶನಿಗೆ ಫೋನು. ಹಾಗಾದರೆ ಆ ಚಿಪ್ಪಿನ ಸಹವಾಸವೇ ಬೇಡ, ಪ್ಲೇಯರಿನ ಸೆಟ್ಟಿಂಗಿನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಎಂದಿರುವುದನ್ನು ಬಂದ್ ಮಾಡಿ, ಪ್ಲೇಯರೇ ತನ್ನ ಕೆಲಸ ತಾನು ಮಾಡಿಕೊಳ್ಳಲಿ ಎಂದ. ನೇಮಿರಾಜ ಬಂದ್ ಮಾಡಿ, ಉಳಿಸಿ, ಪ್ಲೇಯರನ್ನು ಮುಚ್ಚಿ ತೆರೆದ. ಚೌಕಗಳು ಹೋದವು. ಸೂಜಿ ಚುಚ್ಚಿ ಪಟ್ಟಿ ಸುತ್ತಿದ ಕೈ, ಉಗುರಿನ ಸಮೇತ, ಸ್ಪಷ್ಟವಾಗಿ ಕಂಡಿತು. ಆದರೆ ಕಂಪ್ಯೂಟರಿನ ಫ್ಯಾನು ಜೋರಾಗಿ ಕೂಗತೊಡಗಿತು, ಚಿತ್ರ ಮುಗ್ಗರಿಸಿತು. ಕೈ ಹಣೆಯ ಹತ್ತಿರ ಇದ್ದದ್ದು ಮರುಕ್ಷಣ ಹೊಟ್ಟೆಯ ಹತ್ತಿರ. ನಡುವೆ ಏನಾಯಿತೆಂಬುದೇ ಇಲ್ಲ. ಸಿದ್ಧಿ ಒಂದೊಂದು ಸನ್ನೆ ಹಿಡಿದು, ಮುಂದಿನದು ತಪ್ಪಿ, ಕಣ್ಣು ಮುಚ್ಚಿಕೊಂಡಳು. ಅರ್ಧ ಮಾತು ಕೇಳುವ ಸಂಕಟ ನೇಮಿರಾಜನಿಗೂ ಅರ್ಥವಾಯಿತು.

ವಿಡಿಯೋ ಬಹಳ ದೊಡ್ಡದು, ಹಳೆಯ ಕಂಪ್ಯೂಟರಿಗೆ ದನಿಯ ಜೊತೆ ಓಡಲು ಆಗುತ್ತಿಲ್ಲ, ಹಿಂದೆ ಬಿದ್ದಾಗಲೆಲ್ಲ ಚಿತ್ರ ಬಿಟ್ಟು ಹಾರುತ್ತಿದೆ ಎಂದು ಪ್ರಥಮೇಶ ವಿವರಿಸಿದ. ತಡವಾದ ಚಿತ್ರಗಳನ್ನು ಬಿಡಬೇಡ ಎಂಬ ಸೆಟ್ಟಿಂಗು ಇದೆ, ವೇಗವನ್ನೂ ಅರ್ಧಕ್ಕಿಳಿಸಿ. ಆದರೆ ದನಿ ಕೆಟ್ಟುಹೋದೀತು, ಬೇಕಾದರೆ ದನಿಯನ್ನೇ ತೆಗೆದುಬಿಡಿ ಎಂದ. ನೇಮಿರಾಜ ತಾಯಿಯ ಕಡೆ ನೋಡಿದ. ಅಕ್ಕವ್ವನಿಗೆ ಮಗನದೆಂದು ಉಳಿದದ್ದು ಆ ಉಸಿರಿನ ಸದ್ದೊಂದೇ.

“ತಗಿಯಪಾ,” ಎಂದಳು ಅಕ್ಕವ್ವ. “ನಾ ಕೇಳೇನಿ. ಆಕಿ ಕೇಳಲಿ.”

ದನಿ ತೆಗೆದ. ವೇಗ ಅರ್ಧ ಮಾಡಿದ.

ಅರಿಹಂತ ನಿಧಾನವಾಗಿ ಕೈ ಎತ್ತಿ, ಗಲ್ಲದ ಮೇಲೆ ಬೆರಳಿಟ್ಟ. ಸಿದ್ಧಿಯ ಕೈ ತಾನಾಗಿ ಮೇಲೆ ಬಂತು, ಹೌದು, ಇಲ್ಲಿದ್ದೇನೆ ಎಂಬಂತೆ. ಬದುಕಿದ್ದಾಗ ಅವನ ಕೈ ಅಷ್ಟು ನಿಧಾನವಾಗಿ ಎಂದೂ ಆಡಿದ್ದಿಲ್ಲ. ಈಗ ನೀರಿನೊಳಗೆ ಆಡುವಂತೆ ಒಂದೊಂದೇ ಮಾತು ಬಿಡಿಬಿಡಿಯಾಗಿ ಬಂತು. ಹೆದರಬೇಡ ಎಂದ. ಗಿರಿಮಲ್ಲಪ್ಪನವರ ಸೀರೆ ಅಂಚಿನಲ್ಲಿ ನವಿಲಿನ ಕೊಕ್ಕು ತಪ್ಪಿದೆ, ತಿದ್ದದೆ ಕೊಡಬೇಡ ಎಂದ. ಸಿದ್ಧಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವ್ವನಿಗೆ ಮೆಟ್ಟಿಲು ಹತ್ತಿಸಬೇಡ ಎಂದ. ಅವ್ವ ಎಂಬ ಸನ್ನೆ ಅಕ್ಕವ್ವನಿಗೆ ತಿಳಿಯಿತು. ಏನಂದನೆಂದು ಕೇಳಲು ಆಕೆಗೆ ಧೈರ್ಯವಾಗಲಿಲ್ಲ.

ಆಮೇಲೆ ಅರಿಹಂತ ಮುಖವಾಡದ ಮೇಲೆಯೇ ಮೀಸೆಯ ಜಾಗದಲ್ಲಿ ಬೆರಳಾಡಿಸಿದ. ಅದು ಅಣ್ಣ. ಬಾಗಿಲ ಕಡೆ ಕೈ ಮಾಡಿ, ಆ ಕೈಯನ್ನು ಎರಡು ಸಲ ಆಚೆಗೆ ದೂಡಿದಂತೆ ಬೀಸಿದ. ಕೊನೆಗೆ ಎರಡೂ ಕೈಯ ಬೆರಳ ತುದಿ ಕೂಡಿಸಿ ಮಾಡಿನಂತೆ ಹಿಡಿದ. ಮನೆ.

ನೇಮಿರಾಜ ಆ ಬೀಸುವ ಕೈಯನ್ನು ಗುರುತು ಹಿಡಿದ. ಅದು ಅವನದೇ ಕೈ. ಐಸಿಯು ಒಳಗೆ ಅರಿಹಂತ ಗಲ್ಲ ಮುಟ್ಟಿ ಸಿದ್ಧಿ ಎಲ್ಲಿ ಎಂದು ಕೇಳಿದಾಗ, ಹೊರಗಿದ್ದಾಳೆ ಎನ್ನಲು ನೇಮಿರಾಜ ಮಾಡಿದ್ದು ಹಾಗೆ, ಬಾಗಿಲ ಕಡೆ ಎರಡು ಸಲ ಕೈ ಬೀಸಿ. ನರ್ಸು ಹೊರಡಿರೆಂದು ಅವಸರಪಡಿಸುತ್ತಿದ್ದಳು. ಒಂದು ಚೀಟಿಯಲ್ಲಿ ಬರೆದು ತೋರಿಸಬಹುದಿತ್ತೆಂದು ಆ ಗಳಿಗೆಯಲ್ಲಿ ಹೊಳೆದಿರಲಿಲ್ಲ.

ಪರದೆಯ ಮೇಲೆ ಕೈಗಳು ಇನ್ನೂ ಆಡುತ್ತಿದ್ದವು. ನೀನು ಮನೆಗೆ ಹೋದೆಯೆಂದು ಅಣ್ಣ ಹೇಳಿದ. ಹೋಗಿದ್ದು ಒಳ್ಳೆಯದಾಯಿತು, ಇಲ್ಲಿ ಸೊಳ್ಳೆ ಬಹಳ. ಆದರೂ ಒಂದು ಸಲ ಬಂದು ಮುಖ ತೋರಿಸಿ ಹೋಗಬಾರದಾಗಿತ್ತೇ? ಬಾಗಿಲು ತೆರೆದಾಗಲೆಲ್ಲ ನೋಡುತ್ತೇನೆ. ಯಾಕೆ ಬರಲಿಲ್ಲ?

ಇಷ್ಟು ಹೇಳಿ ಅರಿಹಂತ ಕೈಗಳನ್ನು ಎದೆಯ ಮೇಲಿಟ್ಟುಕೊಂಡು ಫೋನಿನ ಕಡೆಗೇ ನೋಡುತ್ತ ಕಾದ. ಎದುರಿಗಿರುವವರು ಉತ್ತರ ಕೊಡಲಿ ಎಂದು ಕೈಮಾತಿನವರು ಹಾಗೆ ಕಾಯುತ್ತಾರೆ. ಅರ್ಧ ವೇಗದಲ್ಲಿ ಆ ಕಾಯುವಿಕೆ ಬಹಳ ಉದ್ದವಾಗಿತ್ತು. ಮತ್ತೊಮ್ಮೆ ಗಲ್ಲ ಮುಟ್ಟಿದ. ನಾಮದೇವನ ಹೆಬ್ಬೆರಳು ಅಡ್ಡ ಬಂದು ಪರದೆ ಕಪ್ಪಾಯಿತು.

ಅಕ್ಕವ್ವ ಸೊಸೆಯ ತೋಳು ಹಿಡಿದು ನೇಮಿರಾಜನನ್ನು ಕೇಳಿದಳು: “ಏನಂತಾನಪಾ ನನ್ನ ಮಗಾ?”

ನೇಮಿರಾಜ ಸಿದ್ಧಿಯ ಎದುರು ಬಂದು ನಿಂತು, ಮೀಸೆ ಮುಟ್ಟಿಕೊಂಡ, ಬಾಗಿಲ ಕಡೆ ಕೈ ಬೀಸಿದ, ಬೆರಳು ಕೂಡಿಸಿ ಮನೆ ಎಂದ. ಹೀಗೇ ತಿಳಿದುಕೊಂಡನೇ ಎಂದು ಅವನ ಮುಖ ಕೇಳುತ್ತಿತ್ತು. ಸಿದ್ಧಿ ಅವನನ್ನು ಬಹಳ ಹೊತ್ತು ನೋಡಿದಳು. ಸುಳ್ಳು ಹೇಳಬಹುದಿತ್ತು. ಆದರೆ ಗಂಡ ಕೊನೆಗೆ ಕೇಳಿದ ಮಾತನ್ನು ಇಲ್ಲವೆನ್ನಲು ಆಕೆಯ ಕೈ ಬರಲಿಲ್ಲ. ಹೌದೆಂದು ತಲೆಯಾಡಿಸಿದಳು.

ನೇಮಿರಾಜ ಅಲ್ಲೇ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಹಸಿರೇ ಇದ್ದಿದ್ದರೆ ಛಲೋ ಇತ್ತು ಎಂದು ತಾಯಿಗೆ ಹೇಳಿ, ನಡೆದದ್ದನ್ನೆಲ್ಲ ತಡೆತಡೆದು ಬಿಡಿಸಿದ. ಅಕ್ಕವ್ವ ಕೇಳಿ, ಮಗನ ತಲೆಯ ಮೇಲೆ ಕೈಯಿಟ್ಟಳು. ಆದರೆ ಆಕೆಯ ಕಣ್ಣು ಸೊಸೆಯ ಮೇಲೇ ಇತ್ತು.

ಸಿದ್ಧಿ ಕೆಳಗಿಳಿದು ಹೋದಳು. ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಮೂವರಿಗೂ ತಾಟು ಹಾಕಿ, ಮೇಲೆ ಬಂದು ಕರೆದಳು. ಯಾರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ನೇಮಿರಾಜ ಅಂಗಡಿಗೆ ಹೊರಟು ನಿಂತವನು ಮತ್ತೆ ಮಾಳಿಗೆ ಹತ್ತಿದ. ಸಿದ್ಧಿ ಪರದೆಯ ಮುಂದೆ ಕೂತಿದ್ದಳು. ಅರಿಹಂತ ಕೈಗಳನ್ನು ಎದೆಯ ಮೇಲಿಟ್ಟು ಕಾಯುವ ಜಾಗದಲ್ಲಿ ವಿಡಿಯೋ ನಿಲ್ಲಿಸಿ, ಅವನಿಗೆ ಉತ್ತರ ಕೊಡುತ್ತಿದ್ದಳು. ಮುಗಿಸಿ ವಿಡಿಯೋ ಬಿಡುವಳು. ಅವನು ಗಲ್ಲ ಮುಟ್ಟುವನು, ಪರದೆ ಕಪ್ಪಾಗುವುದು. ಮತ್ತೆ ಮೊದಲಿಂದ. ಆಕೆಯ ಉತ್ತರ ಅವನಿಗೆ ಮುಟ್ಟಲಿಲ್ಲ.

ನೇಮಿರಾಜ ಚೀಟಿಯ ಮೇಲೆ ಬರೆದು ಕೊಟ್ಟ: ಹೊರಗೆ ಕೂತು ಕಾಯುತ್ತಿದ್ದಾಳೆ ಎನ್ನುವುದನ್ನು ಹೇಗೆ ಹೇಳಬೇಕು?

ಸಿದ್ಧಿ ಓದಿದಳು. ಬಾಗಿಲನ್ನು ತೋರಿಸಿ, ಅಂಗೈ ಅಡ್ಡ ಹಿಡಿದು, ಅದರ ಆಚೆ ಎರಡು ಬೆರಳು ಮಡಚಿ ಕೂರಿಸಿ, ಆ ಬೆರಳುಗಳನ್ನು ಅಲ್ಲೇ ಬಿಟ್ಟಳು. ನೇಮಿರಾಜ ಮಾಡಿದ. ಬೆರಳು ನೆಟ್ಟಗಿದ್ದವು, ಎದ್ದು ಹೋದಂತೆ ಕಾಣುತ್ತಿತ್ತು. ಸಿದ್ಧಿ ಅವನ್ನು ಹಿಡಿದು ಮಡಚಿದಳು. ಮತ್ತೆ ಮಾಡಿದ. ಈ ಸಲ ಸರಿಯಾಗಿತ್ತು.

ಅದನ್ನು ನೋಡುತ್ತಿದ್ದಂತೆ ಆಕೆ ಅಳತೊಡಗಿದಳು. ದವಾಖಾನೆಯಲ್ಲೂ ಹೆಣ ಎತ್ತುವಾಗಲೂ ಅಳದಷ್ಟು, ಗಂಟಲು ಹರಿಯುವಂತೆ ಅತ್ತಳು. ಆ ಅಳು ಆಕೆಗೆ ಕೇಳಿಸಲಿಲ್ಲ. ಅಕ್ಕವ್ವನಿಗೆ ಕೇಳಿಸಿತು, ಓಣಿಯವರಿಗೆ ಕೇಳಿಸಿತು. ಪಕ್ಕದ ಮನೆಯವರು ಮಗ್ಗ ನಿಲ್ಲಿಸಿ ಹೊರಗೆ ಬಂದು ಮಾಳಿಗೆಯ ಕಿಟಕಿಯ ಕಡೆ ನೋಡುತ್ತ ನಿಂತರು.