ಮುಚ್ಚಳದ ಮೇಲಿನ ವಿಭೂತಿ

ಒಂದೇ ಒದೆಗೆ ಬೈಕು ಹತ್ತಿಕೊಂಡಿತು. ಹತ್ತಿಕೊಳ್ಳಬಾರದಿತ್ತು ಎಂದು ಗುರುಸ್ವಾಮಿಗೆ ಅನಿಸಿತು.

“ನೋಡಿದ್ರಾ ಸಾರ್?” ಮಂಜೂರ್ ಕೈಯ ಮಸಿಯನ್ನು ಹಳೇ ಬನಿಯನ್ ಚೂರಿಗೆ ಒರೆಸಿಕೊಂಡ. “ನನ್ ಹತ್ರ ಇದ್ದಾಗ ಬಂಗಾರದಂಗೆ ಇರ್ತೈತೆ. ನೀವು ಏರಿದ್ ಕೂಡ್ಲೇ ಅದಕ್ಕೇನ್ ಬ್ಯಾನೆ ಬರ್ತೈತೋ!”

“ಊರೊಳಗೆ ಏನೂ ಆಗಲ್ಲ. ಚನ್ನಗಿರಿ ರಸ್ತೇಲಿ ಮಾತ್ರ.”

“ಚನ್ನಗಿರಿ ರಸ್ತೆ ಏನ್ ಪಾಪ ಮಾಡೈತೆ ಸಾರ್?”

ಗುರುಸ್ವಾಮಿ ನಕ್ಕ. ಉತ್ತರ ಗೊತ್ತಿರುವವನ ನಗು ಆಗದಂತೆ ಎಚ್ಚರ ವಹಿಸಿ ನಕ್ಕ.

ಹೊನ್ನಾಳಿಯಲ್ಲಿ ಹಳೇ ಗಾಡಿ ಮಾರುವ ಮಂಜೂರ್, ಮಾರಿದ ಮೇಲೆ ಆರು ತಿಂಗಳು ಏನೇ ಆದರೂ ತನ್ನದೇ ಜವಾಬ್ದಾರಿ ಎಂದು ಎದೆ ಮುಟ್ಟಿಕೊಂಡು ಹೇಳುವವನು. ಹೇಳಿದಂತೆ ನಡೆಯುವವನು ಕೂಡ, ಅದೇ ಕಷ್ಟ. ನ್ಯಾಮತಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಗುರುಸ್ವಾಮಿ ಕಾರ್ತಿಕದಲ್ಲಿ ಅವನ ಬಳಿ ಈ ಬೈಕು ಕೊಂಡಿದ್ದ. ನ್ಯಾಮತಿಯಿಂದ ಹೊನ್ನಾಳಿಗೆ ಅದು ಗಾಳಿಯಂತೆ ಬರುತ್ತದೆ. ಅಲ್ಲಿಂದ ಚನ್ನಗಿರಿಗೆ ಹೊರಟರೆ ಕತ್ತಲಗೆರೆಯ ಆಸುಪಾಸಿನಲ್ಲಿ ಎಂಜಿನ್ ಕೆಂಡವಾಗುತ್ತದೆ, ಕೆಮ್ಮುತ್ತದೆ, ನಿಲ್ಲುತ್ತದೆ.

ಚನ್ನಗಿರಿಯಲ್ಲಿ ಹೆಂಡತಿ ಚೈತ್ರಶ್ರೀಯ ತವರು. ಬಾಣಂತನದ ಐದನೇ ತಿಂಗಳು ಮುಗಿಯುತ್ತ ಬಂದಿದೆ. ಗಂಡನಾದವನು ಹೋಗಿ, ಉಂಡು, ತಾಯಿ-ಮಗುವನ್ನು ಕರೆತರುವ ದಿನ ಗೊತ್ತು ಮಾಡಿ ಬರಬೇಕು. ಅಷ್ಟೇ ಕೆಲಸ. ಅಷ್ಟು ಕೆಲಸಕ್ಕೆ ಹೊರಟಾಗಲೆಲ್ಲ ಗಾಡಿ ನಿಂತಿದೆ.

ಮಂಜೂರ್ ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದ. ಪ್ಲಗ್ ಬದಲಿಸಿದ್ದ. ಆಯಿಲ್ ಹೊಸದು ಹಾಕಿದ್ದ. ಕೊನೆಗೆ, ಏನೂ ಸಿಗದೆ, ಈ ವರ್ಷದ ಬಿಸಿಲನ್ನು ಬೈದಿದ್ದ.

“ಒಂದ್ ಕೆಲ್ಸ ಮಾಡ್ರಿ ಸಾರ್. ಇದನ್ನ ಇಲ್ಲೇ ಬಿಡ್ರಿ. ನನ್ ಸ್ವಂತ ಗಾಡಿ ತಗೊಂಡ್ ಹೋಗ್ರಿ. ಮಗೂನ್ ಮುಖ ನೋಡಾಕೆ ಹೊಂಟೋರು, ನನ್ನಿಂದ ತಡ ಆಗ್ಬಾರ್ದು.”

ಗುರುಸ್ವಾಮಿ ತನ್ನ ಬೈಕಿನ ಹ್ಯಾಂಡಲ್ ಬಿಡಲಿಲ್ಲ. ಮಂಜೂರನ ಗಾಡಿ ಎಲ್ಲೂ ನಿಲ್ಲುವುದಿಲ್ಲ. ಅದು ಅವನನ್ನು ನೇರ ಅತ್ತೆಯ ಮನೆ ಬಾಗಿಲಿಗೆ ಒಯ್ದು ಇಳಿಸುತ್ತದೆ.

“ಬೇಡ ಮಂಜೂರ್. ಇದರಲ್ಲೇ ಹೋಗ್ತೀನಿ. ಇದು ಅವಳು ಪೂಜೆ ಮಾಡಿದ ಗಾಡಿ.”

ಮಾತೇನೋ ಸತ್ಯವೇ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಮೂರು ಬೆರಳಿನ ದಪ್ಪ ವಿಭೂತಿ ಪಟ್ಟೆ ಇತ್ತು, ನಡುವೆ ಕುಂಕುಮ. ಬೈಕು ಮನೆಗೆ ಬಂದ ದಿನ ತುಂಬು ಬಸುರಿ ಚೈತ್ರಶ್ರೀ ವಿಭೂತಿಯನ್ನು ನೀರಲ್ಲಿ ಕಲಸಿ, ಒಂದು ಕೈಯಿಂದ ಸೊಂಟ ಹಿಡಿದುಕೊಂಡು ಇನ್ನೊಂದರಿಂದ ಬಳಿದದ್ದು. “ಸಾಕು ಕಣೇ, ಗೋಡೆಗೆ ಸುಣ್ಣ ಹೊಡೀತಿದ್ದೀಯಾ?” ಎಂದು ಅವನು ರೇಗಿಸಿದ್ದ. ಅವಳು ನಕ್ಕಿರಲಿಲ್ಲ. ಇನ್ನೊಂದು ಸಲ ಬಳಿದಿದ್ದಳು.

“ಅದಕ್ಕೇ ಸಾರ್, ಗಾಡೀನೆಲ್ಲ ನೀರು ಹೊಡ್ಸಿ ತೊಳ್ಸಿದ್ರೂ ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ತೀನಿ. ಪೆಟ್ರೋಲ್ ನೋಡಾಕೆ ತೆಗೆದ್ರೂ ಅಂಚು ಹಿಡ್ದೇ ತೆಗೀತೀನಿ. ಅಕ್ಕಾರು ಹಚ್ಚಿದ್ದು. ನಿಮ್ ದೇವ್ರು ಸಿಟ್ಟಾದ್ರೆ ನನ್ ವ್ಯಾಪಾರ ಹೆಂಗೆ?”

“ಇವತ್ತಿಗೆ ಆರು ತಿಂಗಳು ಮುಗೀತಲ್ಲ ಮಂಜೂರ್?”

“ಮುಗಿದ್ರೆ ಮುಗೀಲಿ ಬಿಡ್ರಿ. ಇದು ಸರಿ ಹೋಗೋತನ್ಕ ನನ್ದೇ. ಜನ ಏನಂತಾರೆ? ಮಂಜೂರ್ ಮೇಷ್ಟ್ರಿಗೆ ಡಬ್ಬಾ ಗಾಡಿ ಕೊಟ್ಟ ಅಂತಾರೆ.”

ಥೂ, ಎಂಥ ಮನುಷ್ಯ ಇವನು ಅನ್ನಿಸಿತು ಗುರುಸ್ವಾಮಿಗೆ. ಆ ಬೈಗುಳ ಮಂಜೂರನಿಗೋ ತನಗೋ ಎಂದು ಯೋಚಿಸುವ ಮೊದಲೇ ಗೇರು ಹಾಕಿದ.

ರಸ್ತೆ ಚೆನ್ನಾಗಿತ್ತು. ನಾಲೆಯ ಪಕ್ಕದ ಗದ್ದೆಗಳಲ್ಲಿ ಭತ್ತ ಕೊಯ್ದಾಗಿತ್ತು. ಬೈಕು ಕೆಮ್ಮಲಿಲ್ಲ. ಒಂದೊಂದು ಊರು ದಾಟಿದಂತೆ ಅವನು ವೇಗ ಇಳಿಸುತ್ತ ಹೋದ. ಇವತ್ತು ತಲುಪಿಬಿಟ್ಟರೆ?

ಮಗುವನ್ನು ಅವನು ನೋಡಿದ್ದು ಆಸ್ಪತ್ರೆಯಲ್ಲಿ, ಒಂದೇ ಸಲ. ಹೆಣ್ಣು ಮಗು, ಕೆಂಪಗೆ. ಅವನ ಬೆರಳನ್ನು ಹಿಡಿದುಕೊಂಡಿತ್ತು. ಸುತ್ತ ನಿಂತವರೆಲ್ಲ ಅವನ ಮುಖ ನೋಡುತ್ತಿದ್ದರು. ಏನೋ ಆಗಬೇಕಿತ್ತು, ಎಲ್ಲರಿಗೂ ಆಗುತ್ತದಂತೆ. ಅವನಿಗೆ ಮಾತ್ರ, ಬೆರಳನ್ನು ಮೆಲ್ಲಗೆ ಬಿಡಿಸಿಕೊಳ್ಳುವುದು ಹೇಗೆ ಎಂಬ ಯೋಚನೆಯೊಂದೇ ಬಂದಿತ್ತು. ಮಲಗಿದಲ್ಲಿಂದ ಚೈತ್ರಶ್ರೀ ಅದನ್ನು ಕಂಡಳೇ? ಅಂದಿನಿಂದ ಅವನಿಗೆ ಅತ್ತೆಯ ಮನೆಯ ಹೊಸ್ತಿಲು ಎಂದರೆ ಭಯ.

ಕತ್ತಲಗೆರೆ ಹತ್ತಿರವಾಗುತ್ತಲೇ ಮೊಣಕಾಲಿಗೆ ಝಳ ಬಡಿಯಿತು. ಎಂಜಿನ್ ಒಮ್ಮೆ ಮುಗ್ಗರಿಸಿತು. ಇನ್ನೊಮ್ಮೆ. ಆಮೇಲೆ ನಿಂತೇಹೋಯಿತು.

ಅಬ್ಬಾ!

ಹೊಂಗೆ ಮರದ ಕೆಳಗಿನ ಮೋರಿಕಟ್ಟೆಗೆ ಗಾಡಿ ತಳ್ಳಿಕೊಂಡು ಹೋಗಿ, ಹೆಲ್ಮೆಟ್ಟನ್ನೂ ತೆಗೆಯದೆ ಕೂತ. ಉದ್ದಕ್ಕೆ ಒಂದು ಉಸಿರು ಬಿಟ್ಟ, ಬೆಳಗಿನಿಂದ ಬಿಗಿದಿದ್ದ ಹೆಗಲು ತಾನಾಗಿ ಇಳಿಯಿತು. ಪರೀಕ್ಷೆ ಮುಂದೆ ಹೋದ ಹುಡುಗನಷ್ಟು ಹಗುರಾದ.

ಗಾಡಿಯ ರೋಗ ಅವನಿಗೆ ಎಂದೋ ಗೊತ್ತಾಗಿತ್ತು. ಮುಚ್ಚಳದಲ್ಲೊಂದು ಸಣ್ಣ ತೂತಿದೆ. ಪೆಟ್ರೋಲ್ ಇಳಿದಂತೆಲ್ಲ ಅದರಿಂದ ಗಾಳಿ ಒಳಗೆ ಹೋಗಬೇಕು. ಚೈತ್ರಶ್ರೀಯ ವಿಭೂತಿ ಆ ತೂತಿಗೆ ಗಾರೆಯಂತೆ ಮೆತ್ತಿಕೊಂಡು ಒಣಗಿದೆ. ಹತ್ತಿರದ ಓಟಕ್ಕೆ ತೊಂದರೆಯಿಲ್ಲ; ದೂರ ಹೋದರೆ ಗಾಳಿ ಇಲ್ಲದೆ ಪೆಟ್ರೋಲ್ ಇಳಿಯುವುದಿಲ್ಲ. ತುಂಬಿದ ಟ್ಯಾಂಕಿನ ಕೆಳಗೇ ಎಂಜಿನ್ ಬಾಯಾರಿ, ಕಾದು, ಸಾಯುತ್ತದೆ. ಮುಚ್ಚಳ ತೆರೆದರೆ ‘ಉಸ್’ ಎಂದು ಗಾಳಿ ನುಗ್ಗುತ್ತದೆ, ಗಾಡಿ ಬದುಕುತ್ತದೆ. ಮಂಜೂರ್ ಮೊದಲು ಮುಚ್ಚಳ ತೆರೆದೇ ಕೆಲಸ ಹಿಡಿಯುವುದರಿಂದ ಅವನ ಕೈಗೆ ರೋಗ ಸಿಗುವುದಿಲ್ಲ. ಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕೆ ಬೇಕು ಎಂದು ವರ್ಷವೂ ಪಾಠ ಮಾಡುವವನು ಗುರುಸ್ವಾಮಿ. ಒಂದು ಗುಂಡುಸೂಜಿ ಸಾಕು.

ಅವನು ಚುಚ್ಚಿರಲಿಲ್ಲ. ಚುಚ್ಚುವುದೂ ಇಲ್ಲ.

ಹುಲ್ಲಿನ ಹೊರೆ ಹೇರಿಕೊಂಡು ಮೊಪೆಡ್ಡಿನಲ್ಲಿ ಬಂದ ಹಿರಿಯನೊಬ್ಬ ನಿಲ್ಲಿಸಿದ. “ಏನ್ರೀ, ಕೈ ಕೊಡ್ತಾ? ಹತ್ರಿ, ಚನ್ನಗಿರಿಗೇ ಹೊಂಟೀನಿ. ಹುಲ್ಲು ಚೂರು ಒತ್ತರಿಸಿದ್ರೆ ಜಾಗ ಆಗ್ತೈತೆ.”

“ಬೇಡ ಅಣ್ಣಾ, ಮೆಕ್ಯಾನಿಕ್ ಬರ್ತಾ ಇದಾನೆ.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಬೆರಗಾಯಿತು. ಫೋನ್ ತೆಗೆದು ಚೈತ್ರಶ್ರೀಗೆ ಹಚ್ಚಿ, ಹೆಲ್ಮೆಟ್ಟಿನ ಸಂದಿಗೆ ಸಿಕ್ಕಿಸಿಕೊಂಡ.

“ಎಲ್ಲಿದೀರಿ?” ಚೈತ್ರಶ್ರೀ ಕೇಳಿದಳು.

“ಕತ್ತಲಗೆರೆ ಹತ್ರ. ಗಾಡಿ ನಿಂತ್ಬಿಡ್ತು.”

ಹಿಂದಿನಿಂದ ಅತ್ತೆ ನಿರ್ಮಲಮ್ಮನ ದನಿ ಬೇಕೆಂದೇ ಗಟ್ಟಿಯಾಗಿ ಕೇಳಿತು. “ಕುಣಿಯಾಕ್ ಬರ್ದೋಳು ನೆಲ ಡೊಂಕು ಅಂದ್ಲಂತೆ! ಹೋಳಿಗೆ ಬೇಯ್ಸಿ ಇಟ್ಟೀನಿ, ಹೇಳು.”

ಈಗ ಚೈತ್ರಶ್ರೀ “ಬಸ್ಸಿಗಾದ್ರೂ ಬರ್ರಿ” ಅನ್ನುತ್ತಾಳೆ. ಪ್ರತಿ ಸಲವೂ ಅಂದಿದ್ದಳು. ಗಾಡಿಯನ್ನು ದಾರಿಯಲ್ಲಿ ಬಿಟ್ಟು ಬರಲಾಗುವುದಿಲ್ಲ ಎಂಬ ಉತ್ತರವನ್ನು ಅವನು ತಯಾರು ಮಾಡಿಕೊಂಡು ಕೂತಿದ್ದ.

ಅವಳು ಅನ್ನಲಿಲ್ಲ. ಒಂದು ಉಸಿರು ಬಿಟ್ಟಳು, ಉದ್ದಕ್ಕೆ. ಗುರುಸ್ವಾಮಿಯ ಕಿವಿ ನಿಮಿರಿತು. ಈ ಸದ್ದು ಅವನಿಗೆ ಗೊತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಇದೇ ಮೋರಿಕಟ್ಟೆಯ ಮೇಲೆ ಅವನೇ ಬಿಟ್ಟಿದ್ದ.

“ಸರಿ ಬಿಡ್ರಿ,” ಎಂದಳು. ದನಿ ಹಗುರವಾಗಿತ್ತು. “ಗಾಡಿ ಬಿಟ್ಟು ಹೆಂಗ್ ಬರಾಕೆ ಆಗ್ತೈತೆ? ಬಿಸ್ಲು ಬ್ಯಾರೆ. ಮುಂದಿನ್ ವಾರ ನೋಡಾಣ.”

ತನಗಾಗಿ ಕಾದಿಟ್ಟುಕೊಂಡಿದ್ದ ಮಾತು ಅವಳ ಬಾಯಲ್ಲೇ ಬಂದಿತ್ತು.

“ಮಗು?”

“ಮಲಗೈತೆ.”

ಅವಳ ಪಕ್ಕದಲ್ಲೇ ಮಗು ಅಳುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡರು.

“ನಾನು ಪೂಜೆ ಮಾಡಿದ್ದು ಹಂಗೇ ಐತಾ?” ಅವಳು ಕೇಳಿದಳು.

“ಐತೆ.”

“ಒರೆಸ್ಬ್ಯಾಡ್ರಿ.”

ಫೋನು ಕಡಿಯಿತು. ಗುರುಸ್ವಾಮಿ ಕೂತೇ ಇದ್ದ. ಇಷ್ಟು ದಿನ ಈ ನಿರಾಳ ತನ್ನೊಬ್ಬನದು, ಕದ್ದದ್ದು ಎಂದುಕೊಂಡಿದ್ದ. ಅದರಲ್ಲಿ ಅವಳಿಗೂ ಪಾಲಿತ್ತು. ಮದುವೆಯಾದ ಮೇಲೆ ತಾವಿಬ್ಬರೂ ಇಷ್ಟು ಒಂದೇ ಮನಸ್ಸಿನವರಾದದ್ದು ಇದೇ ಮೊದಲು ಅನ್ನಿಸಿ ನಗು ಬಂತು, ಬಂದಷ್ಟೇ ಬೇಗ ಹೋಯಿತು.

ಬಿಸಿಲು ಎಂದಳಲ್ಲ? ತಲೆ ಎತ್ತಿದ. ಬಿಸಿಲು ಎಲ್ಲೂ ಇರಲಿಲ್ಲ. ನಾಲೆಯ ಆಚೆಯಿಂದ ಮೋಡ ಕಪ್ಪಗೆ ಏರಿ ಬಂದಿತ್ತು, ಕಾದ ಮಣ್ಣಿನ ವಾಸನೆ ಎದ್ದಿತ್ತು. ಬೈಕು ಕೊಂಡಮೇಲೆ ಇದೇ ಮೊದಲ ಮಳೆ.

ಒಂದು ದಪ್ಪ ಹನಿ ಮುಚ್ಚಳದ ಮೇಲೆ ಬಿತ್ತು. ವಿಭೂತಿ ಕರಗಿ, ಬೆಳ್ಳಗಿನ ಗೆರೆಯೊಂದು ಟ್ಯಾಂಕಿನ ಮೇಲಿಂದ ಇಳಿಯಿತು. ಇನ್ನೊಂದು ಹನಿ ಬಿತ್ತು. ಅವಳ ಬೆರಳಿನ ಗುರುತುಗಳಲ್ಲಿ ಒಂದು ಅಳಿಸಿತು.

ಗುರುಸ್ವಾಮಿ ಧಡಕ್ಕನೆ ಎದ್ದು ಓಡಿದ. ತಲೆಯ ಮೇಲಿನ ಹೆಲ್ಮೆಟ್ ಕಿತ್ತು ಮುಚ್ಚಳದ ಮೇಲೆ ಕವುಚಿ, ಎರಡೂ ಕೈಯಿಂದ ಒತ್ತಿ ಹಿಡಿದು, ಸುರಿಯುವ ಮಳೆಯಲ್ಲಿ ಬರಿತಲೆಯಲ್ಲಿ ನಿಂತ.