ಚೆಲುವಯ್ಯನ ಹೆಂಡತಿ

ಬೀದಿಯ ಹಿರಿಯಳು ರಾಚಮ್ಮ ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು ಸತ್ತವಳ ಹಣೆಯನ್ನು ಉಜ್ಜುತ್ತಿದ್ದಳು. ಕುಂಕುಮ ರಾತ್ರಿಯೇ ಒಣಗಿ ಚರ್ಮಕ್ಕೆ ಅಂಟಿಕೊಂಡಿತ್ತು. ಒರೆಸಿದಷ್ಟೂ ಹರಡಿ ಹಣೆಯೆಲ್ಲ ಕೆಂಪಾಯಿತು.

"ಗಂಡ ಸತ್ತು ಅತ್ ವರ್ಸ ಆಯ್ತು. ಇವ್ಳಿಗಿನ್ನೂ ಕುಂಕುಮದ ಸೋಕಿ ಓಗಿಲ್ಲ," ಎಂದಳು.

ಪಕ್ಕದ ಮನೆಯ ಬಸವಮ್ಮ ವಿಭೂತಿ ತಟ್ಟೆ ಹಿಡಿದು ನಿಂತಿದ್ದಳು. ಬೆಳಿಗ್ಗೆ ಬಾಗಿಲು ತಟ್ಟಿ, ಕಿಟಕಿಯಲ್ಲಿ ಇಣುಕಿ, ಗುರುಮಲ್ಲಮ್ಮ ಸತ್ತದ್ದನ್ನು ಮೊದಲು ಕಂಡವಳು ಅವಳೇ. ಈಗ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಗುಂಡ್ಲುಪೇಟೆಯ ಆ ಸಾಲುಮನೆಗಳಲ್ಲಿ ಗುರುಮಲ್ಲಮ್ಮ ಎಂದರೆ ಯಾರಿಗೂ ಗೊತ್ತಾಗದು. ಚೆಲುವಯ್ಯನ ಹೆಂಡತಿ ಎನ್ನಬೇಕು. ಕಪ್ಪು ಬಿಳುಪಿನ ಕಾಲದಲ್ಲಿ ನಾಯಕ ನಾಯಕಿ ಮರ ಸುತ್ತಿ ದಣಿದಾಗ ತೆರೆಗೆ ಬಂದು, ಹಾಸ್ಯನಟ ಚೆಲುವಯ್ಯನನ್ನು ಲಟ್ಟಣಿಗೆಯಲ್ಲಿ ಅಟ್ಟಾಡಿಸುತ್ತಿದ್ದವಳು ಇವಳು. ಸಿನಿಮಾದಿಂದ ಸಿನಿಮಾಕ್ಕೆ ಅವನು ತಾಳಿ ಕಟ್ಟುವುದು, ಇವಳು ಬಾರಿಸುವುದು, ಟೆಂಟಿನಲ್ಲಿ ಮರಳ ಮೇಲೆ ಕೂತವರು ಹೊಟ್ಟೆ ಹಿಡಿದುಕೊಂಡು ನಗುವುದು. ಅಷ್ಟು ಸಲ ಕಣ್ಣಾರೆ ಕಂಡ ಮದುವೆಯನ್ನು ಸುಳ್ಳೆನ್ನಲು ಊರವರಿಗೇನು ಹುಚ್ಚೇ?

ನಿಜ ಗೊತ್ತಿದ್ದದ್ದು ಬಸವಮ್ಮನೊಬ್ಬಳಿಗೆ. ಇಲ್ಲದ ಗಂಡನ ಹೆಸರಿನಲ್ಲಿ ಇವಳನ್ನು ಬರಿ ಹಣೆಯಲ್ಲಿ ಮಣ್ಣಿಗೆ ಇಳಿಸಬಾರದು ಎಂದು ಅವಳಿಗೆ ಅನ್ನಿಸುತ್ತಿತ್ತು. ಆದರೆ ಅವಳೂ ಗಂಡ ಸತ್ತವಳು. ಒಳ್ಳೆಯ ಕಾರ್ಯಗಳಲ್ಲಿ ಹಿಂದೆ ನಿಂತು ಅಭ್ಯಾಸವಾದವಳಿಗೆ ಹತ್ತು ಜನರೆದುರು ಬಾಯಿ ಬರಲಿಲ್ಲ.

*

ಚೆಲುವಯ್ಯ ಸತ್ತ ಸುದ್ದಿ ಟಿ.ವಿ.ಯಲ್ಲಿ ಬಂದ ದಿನ ಗುರುಮಲ್ಲಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಬೀದಿಗೆ ಬೀದಿಯೇ ಬಂದು ಅವಳನ್ನು ತಬ್ಬಿಕೊಂಡು ಅತ್ತಿತು. ಅವರ ಹೆಂಡತಿ ಮೈಸೂರಿನಲ್ಲಿದ್ದಾರೆ, ಅಳುವುದಿದ್ದರೆ ಅಲ್ಲಿಗೆ ಹೋಗಿ ಎಂದು ಅವಳು ನಕ್ಕಳು. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದರು ಜನ. ಮಾರನೆಯ ದಿನದಿಂದ ಹಾಲಿನವನು, ಅಂಗಡಿಯವಳು, ಎಲ್ಲರ ಕಣ್ಣೂ ಅವಳ ಹಣೆಯ ಮೇಲೆ. ಅವರು ನನ್ನ ಗಂಡನಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಹೊರಗೆ ಹೋಗುವಾಗ ಕುಂಕುಮ ಒರೆಸಿಕೊಂಡು ಹೋಗತೊಡಗಿದಳು. ಸಂಜೆ ಬಾಗಿಲು ಹಾಕಿ, ಮತ್ತೆ ಇಟ್ಟುಕೊಂಡು, ಬಸವಮ್ಮನ ಜೊತೆ ಕೂತು ಕಾಫಿ ಕುಡಿಯುತ್ತಿದ್ದಳು.

"ತಾಳಿನೇನೋ ಕಟ್ಟೋರು ಕಣವ್ವ," ಎಂದಿದ್ದಳು ಒಂದು ಸಂಜೆ. "ಪ್ಯಾಕಪ್ ಅಂದೇಟ್ಗೆ ಸಾಮಾನು ನೋಡ್ಕಳನು ಬಂದು ಬಿಚ್ಚುಸ್ಕಂಡೋಗನು. ಒಂದ್ಸಲ ಮರ್ತು ಆಕ್ಕಂಡೇ ಮನೇಗ್ ಬಂದ್ಬುಟ್ಟಿದ್ದೆ. ಬೆನ್ನಿಂದ್ಲೇ ಆಳು ಕಳ್ಸುದ್ರು. ಈಗ ಈ ಜನ ಮುಂಡೆ ಪಾಲ್ಟು ಕೊಟ್ಟವ್ರೆ, ಮಾಡ್ತಾವ್ನಿ."

ಅವರ ಮೇಲೆ ನಿಮಗೆ ಮನಸ್ಸಿರಲಿಲ್ಲವೇ ಎಂದು ಬಸವಮ್ಮ ಹೆದರುತ್ತಲೇ ಕೇಳಿದ್ದಳು. ಗುರುಮಲ್ಲಮ್ಮ ಲೋಟದ ತಳದಲ್ಲಿದ್ದ ಕಾಫಿಯನ್ನು ಕುಡಿದು ಮುಗಿಸಿದಳು.

"ಕೇಳಿದ್ರೆ ಬ್ಯಾಡ ಅಂತಿದ್ದೆ ಬುಡು. ಸಂಸಾರಸ್ಥರು. ಆದ್ರೂ ಒಂದ್ಸಲ ಕೇಳ್ಬೋದಿತ್ತು."

*

ತೆರಕಣಾಂಬಿಯಿಂದ ಗುರುಮಲ್ಲಮ್ಮನ ಅಣ್ಣನ ಮಗ ಶಾಂತರಾಜು ಟೆಂಪೊ ತಂದಿದ್ದ. ತಮ್ಮ ಹೊಲದಲ್ಲೇ ಗುಣಿ ತೆಗೆಸಿದ್ದೇನೆ, ಹೊತ್ತು ಮೀರುವುದರೊಳಗೆ ಹೊರಡಬೇಕು ಎಂದು ಬಾಗಿಲಲ್ಲಿ ನಿಂತು ಅವಸರ ಮಾಡಿದ. ರಾಚಮ್ಮ ತೊಳೆದ ಹಣೆಗೆ ವಿಭೂತಿ ಬಳಿದು, ಇನ್ನು ಎತ್ತಿ ಎಂದಳು.

"ಅವ್ರಿಗೆ ಮದ್ವೇನೇ ಆಗಿಲ್ಲ ಕಣಕ್ಕ," ಎಂದಳು ಬಸವಮ್ಮ.

ಹೆಂಗಸರೆಲ್ಲ ಅವಳತ್ತ ತಿರುಗಿದರು.

"ನಾನೇ ಕಣ್ಣಾರೆ ನೋಡಿವ್ನಿ," ಎಂದಳು ರಾಚಮ್ಮ. ಹಿಂದೆ ಯಾರೋ ನಗು ತಡೆದುಕೊಂಡರು. ಶಾಂತರಾಜುವನ್ನು ಕೇಳಿದರು. ಅವನು ತಲೆ ಕೆರೆದುಕೊಂಡ. ಸಿನಿಮಾ ಸೇರಿದ ತಂಗಿಯ ಹೆಸರನ್ನು ಅವನಪ್ಪ ಮನೆಯಲ್ಲಿ ಎತ್ತಿದವನೇ ಅಲ್ಲ. ದೊಡ್ಡವರು ಹೇಳಿದ ಹಾಗೆ ಆಗಲಿ ಎಂದುಬಿಟ್ಟ.

ರಾಚಮ್ಮ ಕೆಟ್ಟವಳಲ್ಲ, ಶಾಸ್ತ್ರ ಕೆಡಬಾರದು ಅಷ್ಟೇ. ಮದುವೆಯಾಗದವಳಾದರೆ ಕುಂಕುಮಕ್ಕೆ ಅಡ್ಡಿಯಿಲ್ಲ, ಮುತ್ತೈದೆಯರು ಯಾರಾದರೂ ಮುಂದೆ ಬಂದು ಇಡಲಿ ಎಂದು ಸುತ್ತ ನೋಡಿದಳು. ಯಾರೂ ಬರಲಿಲ್ಲ. ವಿಧವೆಯೋ ಕನ್ಯೆಯೋ ತಿಳಿಯದ ಹೆಣಕ್ಕೆ ಕುಂಕುಮ ಇಟ್ಟು ತಮ್ಮ ಗಂಡಂದಿರ ಆಯಸ್ಸಿನ ಜೊತೆ ಆಟವಾಡಲು ಯಾರಿಗೆ ಧೈರ್ಯ? ಒಬ್ಬಳು ಮಗುವನ್ನು ಎತ್ತಿಕೊಂಡಳು, ಇನ್ನೊಬ್ಬಳು ಸೆರಗು ಸರಿಮಾಡಿಕೊಂಡಳು.

ಬಸವಮ್ಮ ತಟ್ಟೆ ಕೆಳಗಿಟ್ಟು ಒಳಗೆ ಹೋಗಿ ಕುಂಕುಮದ ಭರಣಿ ತಂದಳು.

"ನಿನ್ ಕೈಲಾ?" ಎಂದಳು ರಾಚಮ್ಮ.

"ನನ್ ಕೈಗೆ ಇನ್ನೇನ್ ಆಯ್ತದೆ ಅಕ್ಕ. ಆಗೋದೆಲ್ಲ ಆಗೋಗದೆ."

ಬಹಳ ವರ್ಷಗಳಿಂದ ಅವಳು ಕುಂಕುಮ ಮುಟ್ಟಿರಲಿಲ್ಲ. ಬೊಟ್ಟು ಸೊಟ್ಟಗಾಯಿತು. ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ನಿಧಾನವಾಗಿ ತಿದ್ದಿದಳು. ಹೆಣದ ಕೊರಳಿಗೆ ಹಾಕಿದ್ದ ಹಾರದಿಂದ ಒಂದಷ್ಟು ಮಲ್ಲಿಗೆ ಕಿತ್ತು ಆ ತೆಳು ಕೂದಲಿಗೆ ಸಿಕ್ಕಿಸಿದಳು. ರಾಚಮ್ಮ ಮುಖ ತಿರುಗಿಸಿಕೊಂಡಳು. ಆದರೆ ಮತ್ತೆ ಒರೆಸಲು ಹೋಗಲಿಲ್ಲ.

ಕುರ್ಚಿಯಲ್ಲಿ ಕೂರಿಸಿ ಟೆಂಪೊಗೆ ಏರಿಸಿದರು. ಅಳುವವರು ಯಾರೂ ಇರಲಿಲ್ಲ. ಗಾಡಿ ತಿರುವು ದಾಟುತ್ತಲೇ ಹೆಂಗಸರು ಸ್ನಾನಕ್ಕೆಂದು ತಮ್ಮ ತಮ್ಮ ಮನೆಗೆ ಹೊರಟರು. ಇನ್ನು ಸಂಜೆ ಯಾರ ಜೊತೆ ಕೂರುವುದು ಎಂದು ಬಸವಮ್ಮನಿಗೆ ಆಗ ಅಳು ಬಂತು.

ಅವಳು ಹಿತ್ತಲಿನಿಂದ ನೇರ ಬಚ್ಚಲಿಗೆ ಹೋದಳು. ಹಂಡೆಯ ನೀರು ತಣ್ಣಗಿತ್ತು. ಎಡಗೈಯಲ್ಲೇ ಚೊಂಬು ಹಿಡಿದು, ಚೆಲ್ಲಾಡುತ್ತಾ ತಲೆಯ ಮೇಲೆ ಸುರಿದುಕೊಂಡಳು. ಬೆರಳ ತುದಿ ಕೆಂಪಾಗಿದ್ದ ಬಲಗೈಯನ್ನು ನೀರು ಸೋಕದಂತೆ ಎತ್ತಿ ಗೋಡೆಗೆ ಹಿಡಿದಿದ್ದಳು.